ಮೂಕ, ಮೂಗ, ಮುಕಾ

ಆಕಾಶ ಆಗಸವಾದ, ಲೋಕ ಲೋಗವಾಗಿ 'ಲೋಗರ' ಎಂಬಲ್ಲಿ ಉಳಿದುಕೊಂಡ ದಾರಿಯಲ್ಲೇ ಸಂಸ್ಕೃತದ 'ಮೂಕ' ನಮ್ಮಲ್ಲಿ 'ಮೂಗ'ನಾಯಿತು. ಇಂಥ ಅಪಭ್ರಂಶಗಳಿಗೆ 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟ. ಆದರೆ ತದ್ಭವ ಬಂತೆಂದು ತತ್ಸಮವೇನೂ ಜಾಗ ಬಿಡಲಿಲ್ಲ: ಮೂಕವೇದನೆ, ಮೂಕವಿಸ್ಮಿತ, ಮೂಕಾಭಿನಯ, ಮೂಕಿ ಚಿತ್ರ ಇವೆಲ್ಲ ಓದುಬರಹದ ಪಾಲಿಗೆ ಹೋದರೆ, ಮೂಗ, ಮೂಗಿ, ಕಿವುಡ-ಮೂಗ ಇವು ಓಣಿಯ ಪಾಲಿಗೆ ಬಂದವು; ಕಚೇರಿಗೆ 'ಮೂಗರ್ಜಿ' ಹೋಯಿತು, ಪುಟಗಟ್ಟಲೆ ಮಾತಾಡಿಯೂ ತನ್ನ ಹೆಸರೊಂದನ್ನು ಮಾತ್ರ ಹೇಳದ ಅರ್ಜಿ. ಕಾರಂತರ ಮೂಕಜ್ಜಿಯಂತೂ ಮೂಕಾಂಬಿಕೆಯ ಹೆಸರನ್ನು ಹೊತ್ತು ಕಾದಂಬರಿಯುದ್ದಕ್ಕೂ ಮಾತಾಡುತ್ತಾಳೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈ ಶಬ್ದ ಇನ್ನೊಂದು ದಾರಿಯಿಂದಲೂ ಕಿವಿಗೆ ಬೀಳುತ್ತದೆ, ಮರಾಠಿಯ 'ಮುಕಾ' ಆಗಿ. ಅಂಬೇಡ್ಕರ್ 1920ರ ಜನವರಿ 31ರಂದು ಹೊರಡಿಸಿದ ಮರಾಠಿ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟರು, 1925ರಲ್ಲಿ ನಿಪ್ಪಾಣಿಯ ಸಮ್ಮೇಳನಕ್ಕೂ ಬಂದರು. ಅವರ 'ಮೂಕ' ಮಾತು ಬಾರದವನಲ್ಲ, ಆಡಲು ಬಿಡದೆ ಬಾಯಿ ಮುಚ್ಚಿಸಲ್ಪಟ್ಟವನು. ಅಮರಕೋಶದ 'ಏಡಮೂಕ'ನೋ ಆಡಲೂ ಕೇಳಲೂ ಕಲಿಯದವನು. ಹೀಗೆ ಬಾರದವನು, ಬಾಯಿ ಮುಚ್ಚಿಸಲ್ಪಟ್ಟವನು, ಕಲಿಯದವನು ಮೂವರೂ ಒಂದೇ ಶಬ್ದದ ಸೂರಿನಡಿ ಕೂತಿದ್ದಾರೆ.

ಈ ಸೂರಿನಡಿಗೆ ನಾಲ್ಕನೆಯದೊಂದು ಮಗುವನ್ನೂ ನಾವು ನೂಕುತ್ತೇವೆ, ಅದೇ ನನಗೆ ನೋವು. ಕಿವಿ ನೆಟ್ಟಗಿದೆ, ಆಟದಲ್ಲಿ ಚುರುಕಿದೆ, ಆದರೆ ಐದು ತುಂಬಿದರೂ 'ಅವ್ವ ಹೊಲಕ್ಕ ಹೋಗ್ಯಾಳ' ಎನ್ನಬೇಕಾದಲ್ಲಿ 'ಅವ್ವ ಹೊಲ ಹೋಗ' ಎಂದು ನಿಲ್ಲುತ್ತದೆ. ಚತುರ್ಥಿಯ 'ಕ್ಕ' ಜಾರಿತು, 'ಆಳ' ಎಂಬ ಆಖ್ಯಾತ ಪ್ರತ್ಯಯವೂ ಬಿತ್ತು. 'ಪಾಟಿ ಚೀಲದಾಗ ಇಟ್ಟು, ಕೈ ತೊಳಕೊಂಡು ಬಾ' ಎಂದರೆ ಪಾಟಿ ಇಟ್ಟು ಅಲ್ಲೇ ನಿಲ್ಲುತ್ತದೆ. ನಾವದನ್ನು ಹಟ ಎನ್ನುತ್ತೇವೆ. ಇದಕ್ಕೆ ಬೆಳವಣಿಗೆಯ ಭಾಷಾ ತೊಂದರೆ ಎಂದು ಹೆಸರು. ಹಲವು ಹೆಸರುಗಳ ಗೊಂದಲ ಕಳೆದು ತಜ್ಞರು ಇಂಗ್ಲಿಷಿನ ಒಂದು ಹೆಸರಿಗೆ ಒಪ್ಪಿದ್ದು ಮನೋವಿಜ್ಞಾನಿ ಡೊರೊಥಿ ಬಿಷಪ್ ಮುಂದಾಳುತನದಲ್ಲಿ, 2017ರ ಸುಮಾರಿಗೆ. ಇಂಗ್ಲೆಂಡಿನ ಸಮೀಕ್ಷೆಯೊಂದು ಶಾಲೆಗೆ ಹೊಸದಾಗಿ ಸೇರಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 7ರಲ್ಲಿ ಇದನ್ನು ಕಂಡಿತು. ಎಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು.

ಗಡಿನಾಡಿನಲ್ಲಿ ಇದನ್ನು ಗುರುತಿಸಲು ತೊಡಕಾಗುವುದು 'ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಅದಕ್ಕ ಮಾತು ತಡಾ' ಎಂಬ ಸಮಾಧಾನದಿಂದ. ಎರಡು ಭಾಷೆ ಈ ತೊಂದರೆಗೆ ಕಾರಣವಲ್ಲ. ತೊಂದರೆ ಇದ್ದರೆ ಎರಡರಲ್ಲೂ ತೋರುತ್ತದೆ, ಕಡಿಮೆ ಕೇಳಿದ ಭಾಷೆಯೊಂದರಲ್ಲೇ ತಡವರಿಸಿದರೆ ಅದು ರೂಢಿ ಸಾಲದ್ದು. ಆದ್ದರಿಂದ ಒಂದು ಭಾಷೆ ಬಿಡಿಸುವುದು ಮದ್ದಲ್ಲ, ಅಜ್ಜಿಯ ಮಾತನ್ನೇ ಕಸಿದುಕೊಂಡ ಹಾಗೆ.

'ಮೂಗ ಕಂಡ ಕನಸು' ಎಂಬ ನುಡಿಗಟ್ಟು ವಚನಕಾರರಿಗೆ ಪ್ರಿಯ: ಕಂಡದ್ದು ನಿಜ, ಹೇಳಲು ಬಾರದು. ಬೈಗುಳದ 'ಮೂಗ' ಮರೆತ ಕಾಣ್ಕೆ ಇಲ್ಲಿ ಉಳಿದಿದೆ. ಆದರೂ ಇದು ಅರ್ಧ ಮಾತ್ರ ಹೊಂದುತ್ತದೆ, ಏಕೆಂದರೆ ಈ ಮಕ್ಕಳಲ್ಲಿ ಹಲವರಿಗೆ ನಮ್ಮ ಉದ್ದ ವಾಕ್ಯ ಕೇಳಿ ಅರಿಯುವುದೂ ಕಷ್ಟ. ಅಪ್ಪಣೆಯನ್ನು ಒಂದೊಂದಾಗಿ ಹೇಳಬೇಕು, ಕೈಯಲ್ಲಿ ತೋರಿಸಬೇಕು, ಉತ್ತರಕ್ಕೆ ಕಾಯಬೇಕು. 'ಅವ್ವ ಹೊಲ ಹೋಗ' ಎಂದರೆ ತಪ್ಪೆಂದು ತಡೆಯದೆ 'ಹೌದು, ಅವ್ವ ಹೊಲಕ್ಕ ಹೋಗ್ಯಾಳ' ಎಂದು ಬಿದ್ದ ಪ್ರತ್ಯಯವನ್ನು ಸೇರಿಸಿ ತಿರುಗಿ ಹೇಳಬೇಕು. ಮೊದಲು ಕಿವಿಯ ಪರೀಕ್ಷೆ, ಆಮೇಲೆ ವಾಕ್ ಚಿಕಿತ್ಸಕರು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಭಾಷಾ ವಿಳಂಬವೂ ಇದೆ. ಆ ತಂಡ ಅಂಗನವಾಡಿಗೆ ಬಂದಾಗ 'ಮೂಗ ಐತ್ರೀ' ಎಂದಷ್ಟೇ ಹೇಳದೆ, ಮಗುವಿಗೆ ಯಾವ ಮಾತು ತಿಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಮರಾಠಿಯಲ್ಲೂ ಹೀಗೆಯೋ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಚಿಕಿತ್ಸಕರಿಗೆ ಕೆಲಸ ಶುರುಮಾಡಲು ಅಷ್ಟು ಸಾಕು.