ಬೋಳುತಲೆ: ತಪ್ಪು ಬೋರ್‌ವೆಲ್ ನೀರಿನದ್ದಲ್ಲ
ಚಿತ್ರದುರ್ಗ: ನೆತ್ತಿ ಕಾಣೋಕೆ ಶುರುವಾದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮೊದಲು ಬೈಸಿಕೊಳ್ಳೋದು ಬೋರ್‌ವೆಲ್ ನೀರು, ಆಮೇಲೆ ಹೆಲ್ಮೆಟ್. ಗಡಸು ನೀರಿಗೆ ಕೂದಲು ಒರಟಾಗಬಹುದು. ಆದರೆ ಹಣೆಯ ಎರಡು ಬದಿ ಮತ್ತು ನೆತ್ತಿಯಲ್ಲಷ್ಟೇ ಬೋಳಾಗೋದಕ್ಕೆ ಕಾರಣ ದೇಹದೊಳಗಿದೆ.

ಟೆಸ್ಟೋಸ್ಟೆರಾನ್ ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿಯಾಗಿ ಬದಲಿಸುತ್ತದೆ. ಇದು ಕೆಲವರ ಕೂದಲ ಬುಡವನ್ನು ಕುಗ್ಗಿಸುತ್ತದೆ. ಪ್ರತಿ ಸಲ ಹುಟ್ಟುವ ಕೂದಲು ಇನ್ನಷ್ಟು ತೆಳು, ಕಡೆಗೆ ಬರೀ ನವಿರು ರೋಮ. ತಲೆಯ ಹಿಂಭಾಗಕ್ಕೆ ಇದು ಅಷ್ಟಾಗಿ ತಟ್ಟಲ್ಲ. ಕೂದಲು ಕಸಿಗೆ ಅಲ್ಲಿಂದಲೇ ತೆಗೆಯೋದು. ಹಾರ್ಮೋನ್ ಹೆಚ್ಚಿರಬೇಕು ಅಂತೇನಿಲ್ಲ, ಬುಡದ ಸೂಕ್ಷ್ಮತೆ ಮುಖ್ಯ.

ಆ ಸೂಕ್ಷ್ಮತೆ ವಂಶದಿಂದ ಬರುತ್ತೆ. 'ಸೋದರಮಾವನ ತಲೆ ನೋಡು' ಅನ್ನೋದು ಅರ್ಧ ನಿಜ. ಹಾರ್ಮೋನ್ ಹಿಡಿಯುವ ಗ್ರಾಹಕದ ವಂಶವಾಹಿ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಅದನ್ನು ಗಂಡುಮಕ್ಕಳಿಗೆ ಕೊಡೋದು ತಾಯಿ. ಆದರೆ ಇನ್ನೂ ಅನೇಕ ವಂಶವಾಹಿಗಳು ಸೇರಿರುತ್ತವೆ, ಅವು ಅಪ್ಪನಿಂದಲೂ ಬರುತ್ತವೆ.

ಸಂತೆಯಲ್ಲಿ ಕೊಂಡ ಎಣ್ಣೆ ಡಿಎಚ್‌ಟಿಯನ್ನು ತಡೆಯುತ್ತೆ ಅನ್ನೋಕೆ ಆಧಾರವಿಲ್ಲ. ಪರೀಕ್ಷೆಗೆ ನಿಂತ ಔಷಧಿ ಮಿನಾಕ್ಸಿಡಿಲ್, ಗಂಡಸರಿಗೆ ಫಿನಾಸ್ಟರೈಡ್ ಮಾತ್ರೆ; ಎರಡನೆಯದನ್ನು ವೈದ್ಯರ ಚೀಟಿ ಇಲ್ಲದೆ ತಗೋಬಾರದು. ಬೇಗ ಶುರು ಮಾಡಿದಷ್ಟೂ ಉಳಿಯೋದು ಜಾಸ್ತಿ, ಬಿಟ್ಟರೆ ಮತ್ತೆ ಉದುರುತ್ತೆ. ನಾಣ್ಯದಗಲ ಬೋಳಾದರೆ, ದಿಢೀರನೆ ಕಂತೆಗಟ್ಟಲೆ ಉದುರಿದರೆ ಅದು ಬೇರೆ ಕಾಯಿಲೆ. ಚರ್ಮದ ಡಾಕ್ಟರಿಗೆ ತೋರಿಸಬೇಕು.