ಲೆಕ್ಕದ ಹಿಂದಿನ ಕಥೆ – ಭಾಗ 6: ತಾಳೆಯಾಗದ 75 ಸೆಂಟ್

ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಬರೀ 9 ರೂಪಾಯಿ ವ್ಯತ್ಯಾಸ ಬಂದ್ರೆ ನೀವೇನ್ ಮಾಡ್ತೀರಾ? ನಿಜ ಹೇಳಿ. ಹೋದ ಸೆಮಿಸ್ಟರ್‌ನಲ್ಲಿ ನಾನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಕೈ ತೊಳ್ಕೊಂಡೆ. ಆಮೇಲೆ ಈ ಕಥೆ ಓದಿದೆ.

1986. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. ಅಲ್ಲಿನ ದೊಡ್ಡ ಕಂಪ್ಯೂಟರ್‌ಗಳನ್ನು ಎಷ್ಟೋ ವಿಜ್ಞಾನಿಗಳು ಹಂಚಿಕೊಂಡು ಬಳಸುತ್ತಿದ್ದರು. ಎಷ್ಟು ಬಳಸಿದರೋ ಅಷ್ಟಕ್ಕೆ ಬಿಲ್, ನಮ್ಮ ಮನೆ ಕರೆಂಟ್ ಥರ.

ಹಾಗಾದ್ರೆ ಮೀಟರ್ ಎಲ್ಲಿತ್ತು? ಆಪರೇಟಿಂಗ್ ಸಿಸ್ಟಮ್ ಒಳಗೇ! ನೀವು ಕಂಪ್ಯೂಟರ್‌ನಲ್ಲಿ ಓಡಿಸುವ ಪ್ರತಿ ಕೆಲಸಕ್ಕೂ ‘ಪ್ರೊಸೆಸ್’ ಅಂತಾರೆ. ಯುನಿಕ್ಸ್‌ನಲ್ಲಿ ಈ ಲೆಕ್ಕ ಆನ್ ಮಾಡಿಟ್ಟರೆ, ಒಂದೊಂದು ಪ್ರೊಸೆಸ್ ಮುಗಿದಾಗಲೂ ಒಂದು ಫೈಲ್‌ಗೆ ಒಂದು ಎಂಟ್ರಿ ಬೀಳುತ್ತದೆ: ಯಾರು ಓಡಿಸಿದ್ದು, ಯಾವ ಕಮಾಂಡ್, ಯಾವಾಗ ಶುರುವಾಯ್ತು, ಪ್ರೊಸೆಸರ್‌ನ ಎಷ್ಟು ಸಮಯ ತಿಂದಿತು. ನಮ್ಮ ಜರ್ನಲ್ ಎಂಟ್ರಿನೇ ಅಂದ್ಕೊಳ್ಳಿ. ಆಮೇಲೆ ಇನ್ನೊಂದು ಪ್ರೋಗ್ರಾಂ ಅದನ್ನೆಲ್ಲ ಕೂಡಿ ಬಿಲ್ ಮಾಡುತ್ತದೆ. ಇವತ್ತಿನ ಲಿನಕ್ಸ್‌ನಲ್ಲೂ ಈ ವ್ಯವಸ್ಥೆ ಇದೆ.

ಬರ್ಕ್ಲಿಯಲ್ಲಿ ಒಂದಲ್ಲ, ಎರಡು ಲೆಕ್ಕ ಇತ್ತು. ಒಂದು ಯುನಿಕ್ಸ್‌ನದ್ದು, ಇನ್ನೊಂದು ಪ್ರಯೋಗಾಲಯದವರೇ ಬರೆದುಕೊಂಡ ಪ್ರೋಗ್ರಾಂನದ್ದು. ಎರಡೂ ತಾಳೆಯಾಗಬೇಕಿತ್ತು. ಆಗಲಿಲ್ಲ. ವ್ಯತ್ಯಾಸ 75 ಸೆಂಟ್, ಅಂದ್ರೆ ಒಂದು ಡಾಲರ್ ಕೂಡ ಅಲ್ಲ.

ಅದನ್ನು ಹುಡುಕೋ ಕೆಲಸ ಬಿದ್ದಿದ್ದು ಕ್ಲಿಫರ್ಡ್ ಸ್ಟೋಲ್‌ಗೆ. ಅವರು ಖಗೋಳ ವಿಜ್ಞಾನಿ, ಕಂಪ್ಯೂಟರ್ ವಿಭಾಗಕ್ಕೆ ಹೊಸಬರು. ಕೂಡಿಸೋದ್ರಲ್ಲಿ ತಪ್ಪಾಗಿರಬೇಕು ಅಂತ ನೋಡಿದರು. ಸಿಕ್ಕಿದ್ದು ‘ಹಂಟರ್’ ಅನ್ನೋ ಖಾತೆ. ಬಿಲ್ ಕಳಿಸೋಕೆ ಸರಿಯಾದ ವಿಳಾಸವೇ ಇಲ್ಲ! ಯಾರೋ ಹೊರಗಿನವರು ಒಳಗೆ ನುಗ್ಗಿದ್ದರು.

ಸ್ಟೋಲ್ ಬಿಡಲಿಲ್ಲ. ತಿಂಗಳುಗಟ್ಟಲೆ ಕಾದರು, ಸುಳ್ಳು ಮಿಲಿಟರಿ ಫೈಲ್‌ಗಳನ್ನು ಎರೆಯಾಗಿ ಇಟ್ಟರು. ಫೋನ್ ಲೈನ್ ಹಿಡಿದು ಹೋದರೆ ಅದು ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ, ಮಾರ್ಕುಸ್ ಹೆಸ್ ಎಂಬಾತನ ಬಳಿಗೆ. ಅಮೆರಿಕದ ಮಿಲಿಟರಿ ಕಂಪ್ಯೂಟರ್‌ಗಳಿಂದ ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಹೆಸ್ ಮತ್ತು ಸಂಗಡಿಗರಿಗೆ ಶಿಕ್ಷೆಯಾಯಿತು.

ಈಗ ಒಂದು ನಿಮಿಷ ಯೋಚಿಸಿ. ಕಳ್ಳ ಸಿಕ್ಕಿದ್ದು ದೊಡ್ಡ ಸೆಕ್ಯುರಿಟಿ ಇದ್ದಿದ್ದಕ್ಕಲ್ಲ. ಎರಡು ಬೇರೆ ಬೇರೆ ಪುಸ್ತಕ ಇದ್ದವು, ಯಾರೋ ಕೂತು ತಾಳೆ ನೋಡಿದರು, ಅದಕ್ಕೆ. ಪರೀಕ್ಷೆಗೆ ಅಂತ ಬೈಕೊಂಡು ಮಾಡ್ತೀವಲ್ಲ ಬಿಆರ್‌ಎಸ್, ಕ್ಯಾಶ್ ಬುಕ್ಕನ್ನ ಪಾಸ್ ಬುಕ್ ಜೊತೆ ಹೋಲಿಸೋದು? ಅದೇ ಕೆಲಸ. ವ್ಯತ್ಯಾಸ ಚಿಕ್ಕದು ಅಂದ್ರೆ ಅದರ ಹಿಂದಿನ ಕಾರಣವೂ ಚಿಕ್ಕದು ಅಂತಲ್ಲ.

ಅಂದಹಾಗೆ, ನನ್ನ 9 ರೂಪಾಯಿನೂ ಹುಡುಕಿದೆ. ಪೋಸ್ಟೇಜ್ 65 ಅಂತ ಬರೆಯೋ ಕಡೆ 56 ಬರೆದಿದ್ದೆ. ಅಲ್ಲಿ ಯಾವ ಗೂಢಚಾರನೂ ಇರಲಿಲ್ಲ, ನನ್ನ ನಿದ್ದೆಗಣ್ಣು ಇತ್ತು ಅಷ್ಟೇ. ಆದ್ರೆ ಹುಡುಕಿ ನೋಡೋವರೆಗೂ ಅದು ಗೊತ್ತಿರಲಿಲ್ವಲ್ಲ?

ನಿಮ್ಮ ಸಸ್ಪೆನ್ಸ್ ಅಕೌಂಟ್‌ನಲ್ಲಿ ಎಷ್ಟು ಬಾಕಿ ಇದೆ? ಕಾಮೆಂಟ್‌ನಲ್ಲಿ ಒಪ್ಕೊಳ್ಳಿ 👇

#ಲೆಕ್ಕದಹಿಂದಿನಕಥೆ #ಬಿಕಾಂ #ಕನ್ನಡ