ಹಿಂದಕ್ಕೆ ಎಣಿಸಿದ ಗಡಿಯಾರ

ಸರ್ಕಾರಿ ಕಾಮಗಾರಿ ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಎಂಬುದು ಜನರ ಅನುಭವದ ಮಾತು. ಕೊಂಕಣ ರೈಲ್ವೆಯೂ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಆದರೂ ಕೆಲಸ ನಡೆಸುವ ಕ್ರಮದ ಬಗ್ಗೆ ಚರ್ಚೆ ಬಂದಾಗಲೆಲ್ಲ ಅದರ ಹೆಸರು ಕೇಳಿಬರುತ್ತದೆ. ಏಕೆ?

ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗೆ ಸುಮಾರು 760 ಕಿಲೋಮೀಟರ್ ದಾರಿ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ನಡುವೆ ನದಿಗಳು, ಕಣಿವೆಗಳು. ತೊಂಬತ್ತಕ್ಕೂ ಹೆಚ್ಚು ಸುರಂಗ, ಸುಮಾರು ಎರಡು ಸಾವಿರ ಸೇತುವೆ ಬೇಕಾದವು. ಹೊನ್ನಾವರದ ಬಳಿ ಶರಾವತಿಯ ಸೇತುವೆಯೇ ಎರಡು ಕಿಲೋಮೀಟರ್ ಮೀರಿದೆ.

ಹೊಸ ಹಳಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಸ್ವಲ್ಪ ಸ್ವಲ್ಪ ಹಣ ಸಿಗುವುದು ಹಳೆಯ ಪದ್ಧತಿ. ಹಣ ತಡವಾದರೆ ಕೆಲಸ ತಡ, ಕೆಲಸ ತಡವಾದರೆ ವೆಚ್ಚ ಹೆಚ್ಚು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಇದಕ್ಕಾಗಿಯೇ ಪ್ರತ್ಯೇಕ ನಿಗಮ ಹುಟ್ಟಿತು. ಕೇಂದ್ರದ ರೈಲ್ವೆಗೆ ಶೇಕಡ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6 ಪಾಲು. ಉಳಿದ ಹಣವನ್ನು ಬಾಂಡುಗಳ ಮೂಲಕ ಸಾಲವಾಗಿ ಎತ್ತಲಾಯಿತು. ಸಾಲಕ್ಕೆ ಬಡ್ಡಿ ಓಡುತ್ತದೆ. ಹೀಗಾಗಿ ಕಳೆದುಹೋದ ಪ್ರತಿ ದಿನಕ್ಕೂ ಬೆಲೆ ಬಂತು.

ನಿಗಮದ ಮುಖ್ಯಸ್ಥರಾದವರು ರೈಲ್ವೆಯಿಂದ ನಿವೃತ್ತರಾದ ಎಂಜಿನಿಯರ್ ಇ. ಶ್ರೀಧರನ್. ಇಡೀ ಮಾರ್ಗವನ್ನು ಸುಮಾರು ನೂರು ಕಿಲೋಮೀಟರಿನ ಏಳು ವಿಭಾಗ ಮಾಡಿ, ಒಂದೊಂದನ್ನೂ ಒಬ್ಬ ಮುಖ್ಯ ಎಂಜಿನಿಯರ್ ಕೈಗೆ ಕೊಟ್ಟರು. ಕರ್ನಾಟಕದ ಭಾಗಕ್ಕೆ ಕಾರವಾರ, ಉಡುಪಿ ಕೇಂದ್ರಗಳಾದವು. ಸಣ್ಣಪುಟ್ಟ ತೀರ್ಮಾನಕ್ಕೆಲ್ಲ ಕಡತ ಮೇಲಕ್ಕೆ ಹೋಗಿ ಬರುವ ಅಗತ್ಯ ಕಡಿಮೆಯಾಯಿತು. ಕಚೇರಿಗಳಲ್ಲಿ ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಹಿಂದಕ್ಕೆ ಎಣಿಸುವ ಗಡಿಯಾರ ತೂಗಿತು. ಎಲ್ಲಿ ಹಿಂದೆ ಬಿದ್ದಿದ್ದೇವೆಂಬುದು ಯಾರಿಂದಲೂ ಮುಚ್ಚಿಡಲಾಗದ ವಿಷಯವಾಯಿತು.

ಆದರೆ ಗಡಿಯಾರದ ಮಾತನ್ನು ಮಣ್ಣು ಕೇಳಲಿಲ್ಲ. ಗಟ್ಟಿ ಬಂಡೆಯನ್ನು ಕೊರೆಯಲು ಯಂತ್ರಗಳಿದ್ದವು. ನೀರು ತುಂಬಿದ ಮೆದು ಮಣ್ಣಿನ ಸುರಂಗಗಳನ್ನು ಬಹುಮಟ್ಟಿಗೆ ಕೈಯಿಂದಲೇ ತೋಡಬೇಕಾಯಿತು. ತೋಡಿದ ಜಾಗ ಮತ್ತೆ ಮತ್ತೆ ಕುಸಿಯಿತು. ಕೆಲಸದಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಗೋವಾದಲ್ಲಿ ಮಾರ್ಗದ ವಿರುದ್ಧ ಚಳವಳಿ ಎದ್ದು 1993ರಲ್ಲಿ ಅಲ್ಲಿಯ ಒಂದು ಭಾಗದ ಕೆಲಸವೇ ನಿಂತಿತು. ಗೋವಾದ ಪೆರ್ನೆಂ ಸುರಂಗ ಕೊನೆಯವರೆಗೂ ಕಾಡಿತು. ಐದು ವರ್ಷದ ಗುರಿ ಏಳಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಸಾಲದ ಭಾರವಂತೂ ಆಮೇಲೆಯೂ ಹಲವು ವರ್ಷ ನಿಗಮವನ್ನು ಬಾಧಿಸಿತು.

ಹಾಗಿದ್ದರೂ ಈ ಕ್ರಮ ಅಲ್ಲಿಗೇ ಮುಗಿಯಲಿಲ್ಲ. ದೆಹಲಿ ಮೆಟ್ರೊ ಕಟ್ಟಲು ಸರ್ಕಾರ ಆರಿಸಿದ್ದು ಶ್ರೀಧರನ್ ಅವರನ್ನೇ. ಅಲ್ಲಿಯೂ ಅದೇ ಗಡಿಯಾರ ಗೋಡೆ ಏರಿತು. ಅದರ ಮೊದಲ ರೈಲು 2002ರ ಡಿಸೆಂಬರಿನಲ್ಲಿ ಓಡಿತು. ಗಡಿಯಾರವನ್ನು ಯಾವ ಕಚೇರಿಯಾದರೂ ಕೊಂಡು ತರಬಹುದು. ಕೆಲಸದ ಸ್ಥಳದಲ್ಲಿರುವವನಿಗೆ ತೀರ್ಮಾನದ ಅಧಿಕಾರ, ಕೈಗೆ ಸಿಗುವ ಹಣ, ತಡವಾದರೆ ಉತ್ತರ ಹೇಳುವ ಹೊಣೆ, ಈ ಮೂರೂ ಜೊತೆಗಿರದಿದ್ದರೆ ಅದು ಗೋಡೆಯ ಅಲಂಕಾರವಷ್ಟೇ.